ಬಿಡುವಿನ ಆರೈಕೆಯ ಅನುದಾನ: ಬೆಂಗಳೂರಿನ ಕುಟುಂಬಗಳು ಸರ್ಕಾರವನ್ನು ಲೆಕ್ಕ ಕೇಳುವ ಬಗೆ

ಬೌದ್ಧಿಕ ವೈಕಲ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವೈಕಲ್ಯ ಅಥವಾ ದೀರ್ಘಕಾಲದ ಮಾನಸಿಕ ಅಸ್ವಾಸ್ಥ್ಯ ಇರುವವರನ್ನು ಮನೆಯಲ್ಲೇ ನೋಡಿಕೊಳ್ಳುವ ಕುಟುಂಬಗಳಿಗೆ ಸರ್ಕಾರದಿಂದ ಎರಡು ಬಗೆಯ ನೆರವು ದೊರೆಯಬೇಕು. ಮೊದಲನೆಯದು, ಆರೈಕೆ ಮಾಡುವವರು ಆಸ್ಪತ್ರೆ ಸೇರಿದಾಗ, ಊರಿಗೆ ಹೋಗಬೇಕಾದಾಗ ಅಥವಾ ದಣಿದು ಕುಸಿದಾಗ, ಕೆಲವು ದಿನಗಳ ಮಟ್ಟಿಗೆ ನಂಬಿಕೆಯಿಂದ ಬಿಟ್ಟುಬರಬಹುದಾದ ಒಂದು ಜಾಗ, ಇಲ್ಲವೇ ಮನೆಗೇ ಬಂದು ನೋಡಿಕೊಳ್ಳುವ ತರಬೇತಾದ ಒಬ್ಬರು. ಕ್ಷೇತ್ರದಲ್ಲಿ ಕೆಲಸ ಮಾಡುವವರು ಇದನ್ನು ರೆಸ್ಪೈಟ್ ಕೇರ್ ಎನ್ನುತ್ತಾರೆ. ಇಲ್ಲಿ ಬಿಡುವಿನ ಆರೈಕೆ ಎಂದು ಬಳಸಿದ್ದೇನೆ. ಎರಡನೆಯದು, ಆ ವ್ಯಕ್ತಿ ಜೀವನಪೂರ್ತಿ ಯಾವುದೋ ಸಂಸ್ಥೆಯ ಗೋಡೆಗಳ ಒಳಗೆ ಉಳಿಯದೆ, ಹಗಲು ಪಾಲನಾ ಕೇಂದ್ರ, ಗುಂಪು ಮನೆ, ಅರ್ಧದಾರಿ ಮನೆ (ಆಸ್ಪತ್ರೆಯಿಂದ ಹೊರಬಂದವರು ಸ್ವತಂತ್ರ ಬದುಕಿಗೆ ಮರಳುವ ಮುನ್ನ ಕೆಲಕಾಲ ಇರುವ ಮನೆ), ಸಹಾಯಕರ ನೆರವು ಮುಂತಾದವುಗಳ ಆಸರೆಯಿಂದ ಎಲ್ಲರ ನಡುವೆ ಬದುಕಲು ಬೇಕಾದ ವ್ಯವಸ್ಥೆ.

ಈ ಎರಡಕ್ಕೂ ಕಾನೂನಿದೆ, ಯೋಜನೆಗಳಿವೆ, ಅಲ್ಪಸ್ವಲ್ಪ ಹಣವೂ ಇದೆ. ಆದರೆ ಆ ಹಣದಿಂದ ಎಷ್ಟು ಕುಟುಂಬಗಳಿಗೆ ಎಷ್ಟು ದಿನದ ಬಿಡುವು ಸಿಕ್ಕಿತು ಎಂಬ ಸರಳ ಪ್ರಶ್ನೆಗೆ ಕಚೇರಿಗಳಲ್ಲಿ ಸಿದ್ಧ ಉತ್ತರ ಸಿಗುವುದು ಅಪರೂಪ. ಖರ್ಚಾದ ರೂಪಾಯಿಯ ಲೆಕ್ಕ ಸಿಗುತ್ತದೆ. ಆರೈಕೆಯ ದಿನಗಳ ಲೆಕ್ಕ ಸಿಗುವುದಿಲ್ಲ. ಈ ಎರಡನೆಯ ಲೆಕ್ಕವನ್ನು ಹೊರತೆಗೆಯುವುದೇ ಹೊಣೆಗಾರಿಕೆಯ ತಿರುಳು ಎಂಬುದು ನನ್ನ ದೃಢ ಅಭಿಪ್ರಾಯ. ಬೆಂಗಳೂರಿನಲ್ಲಿರುವ ಪೋಷಕರು, ಒಡಹುಟ್ಟಿದವರು ಮತ್ತು ಸ್ವತಃ ವಿಕಲಚೇತನರು ಆ ಕೆಲಸಕ್ಕೆ ಹೇಗೆ ಕೈಹಾಕಬಹುದು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಕಾನೂನಿನಲ್ಲಿ ಏನಿದೆ, ಎಲ್ಲಿ ಸಡಿಲವಾಗಿದೆ

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 5ನೇ ಕಲಂ, ವಿಕಲಚೇತನರಿಗೆ ಸಮುದಾಯದಲ್ಲಿ ಬದುಕುವ ಹಕ್ಕಿದೆ ಎಂದು ಹೇಳುತ್ತದೆ. ಯಾವುದೋ ಒಂದು ನಿರ್ದಿಷ್ಟ ವಾಸವ್ಯವಸ್ಥೆಯಲ್ಲೇ ಇರಬೇಕೆಂಬ ಒತ್ತಾಯ ಅವರ ಮೇಲೆ ಇರಬಾರದು, ಮನೆಯಲ್ಲಿ, ವಸತಿ ಕೇಂದ್ರದಲ್ಲಿ ಹಾಗೂ ಸಮುದಾಯದಲ್ಲಿ ದೊರೆಯುವ ಬೆಂಬಲ ಸೇವೆಗಳು ಅವರ ಕೈಗೆಟುಕಬೇಕು ಎಂದೂ ಸೇರಿಸುತ್ತದೆ. 24ನೇ ಕಲಂ ಸಾಮಾಜಿಕ ಭದ್ರತೆಯ ಯೋಜನೆಗಳ ಕುರಿತಾದದ್ದು. ಹೆಚ್ಚಿನ ಬೆಂಬಲದ ಅಗತ್ಯವಿರುವವರಿಗೆ ಆರೈಕೆದಾರರ ಭತ್ಯೆ ಅದರ ಪಟ್ಟಿಯಲ್ಲಿದೆ. ಇಂತಹ ಯೋಜನೆಗಳಲ್ಲಿ ವಿಕಲಚೇತನರಿಗೆ ಕೊಡುವ ನೆರವು ಇತರರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು ಎಂಬ ನಿಯಮವೂ ಅಲ್ಲೇ ಇದೆ. 38ನೇ ಕಲಂ ಅಡಿಯಲ್ಲಿ ಹೆಚ್ಚಿನ ಬೆಂಬಲ ಬೇಕೆಂದು ಅರ್ಜಿ ಹಾಕಿ ಮೌಲ್ಯಮಾಪನ ಮಾಡಿಸಿಕೊಳ್ಳಬಹುದು. 48ನೇ ಕಲಂ ವಿಕಲಚೇತನರನ್ನು ಒಳಗೊಂಡ ಯೋಜನೆಗಳ ಸಾಮಾಜಿಕ ಲೆಕ್ಕಪರಿಶೋಧನೆಯನ್ನು, ಅಂದರೆ ಯೋಜನೆ ಜನರಿಗೆ ನಿಜಕ್ಕೂ ತಲುಪಿತೇ ಎಂಬ ಪರಿಶೀಲನೆಯನ್ನು, ಸರ್ಕಾರದ ಹೊಣೆಯಾಗಿಸುತ್ತದೆ. ಈ ಕೊನೆಯ ಕಲಮನ್ನು ನಮ್ಮಲ್ಲಿ ಬಹಳ ಕಡಿಮೆ ಜನ ಬಳಸಿದ್ದಾರೆ.

ಬಿಡುವಿನ ಆರೈಕೆಯನ್ನು ಹೆಸರಿಸಿಯೇ ಹೇಳುವ ಕಾನೂನು ಇನ್ನೊಂದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯ ಇರುವವರಿಗಾಗಿ 1999ರಲ್ಲಿ ಬಂದ ನ್ಯಾಷನಲ್ ಟ್ರಸ್ಟ್ ಕಾಯ್ದೆಯು, ಅನುದಾನಕ್ಕೆ ಅರ್ಹವಾದ ಕಾರ್ಯಕ್ರಮಗಳಲ್ಲಿ ರೆಸ್ಪೈಟ್ ಕೇರ್, ಸಾಕು ಕುಟುಂಬದ ಆರೈಕೆ ಮತ್ತು ಹಗಲು ಪಾಲನೆಯನ್ನು ಸೇರಿಸಿದೆ. ಕುಟುಂಬ ಬಿಕ್ಕಟ್ಟಿನಲ್ಲಿರುವಾಗ ಸೇವೆ ಒದಗಿಸಲು ನೋಂದಾಯಿತ ಸಂಸ್ಥೆಗಳಿಗೆ ನೆರವಾಗುವುದನ್ನು, ಆ ಕಾಯ್ದೆಯಡಿ ಕೇಂದ್ರ ಸರ್ಕಾರ ಸ್ಥಾಪಿಸಿದ ನ್ಯಾಷನಲ್ ಟ್ರಸ್ಟ್‌ನ ಉದ್ದೇಶಗಳಲ್ಲಿ ಒಂದಾಗಿ ಬರೆದಿದೆ. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯು ಬಡತನದಲ್ಲಿರುವ ಕುಟುಂಬಗಳಿಗೆ ತರಬೇತಿ, ಆಪ್ತಸಲಹೆ, ಹಣಕಾಸಿನ ನೆರವಿನ ಜೊತೆಗೆ ಬಿಡುವಿನ ಆರೈಕೆಯನ್ನೂ ಹೆಸರಿಸುತ್ತದೆ. ಭಾರತ ಅದನ್ನು 2007ರಲ್ಲಿ ಅನುಮೋದಿಸಿದೆ. ಮಾನಸಿಕ ಅಸ್ವಾಸ್ಥ್ಯವಿರುವವರ ವಿಷಯದಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 19ನೇ ಕಲಂ ಮುಖ್ಯ. ಕುಟುಂಬವಿಲ್ಲ, ಕುಟುಂಬ ಒಪ್ಪುವುದಿಲ್ಲ, ಮನೆಯಿಲ್ಲ ಅಥವಾ ಸಮುದಾಯದಲ್ಲಿ ಸೌಲಭ್ಯವಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ, ಅರ್ಧದಾರಿ ಮನೆ ಮತ್ತು ಗುಂಪು ಮನೆಗಳನ್ನು ಸರ್ಕಾರ ಸ್ಥಾಪಿಸಬೇಕು ಇಲ್ಲವೇ ಬೆಂಬಲಿಸಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ.

ಸಡಿಲವಿರುವ ಜಾಗವನ್ನೂ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. 2016ರ ಕಾಯ್ದೆಯ 5ನೇ ಕಲಂ ಸೇವೆಗಳ ವಿಷಯಕ್ಕೆ ಬಂದಾಗ ಸರ್ಕಾರ “ಪ್ರಯತ್ನಿಸಬೇಕು” ಎನ್ನುತ್ತದೆ. 24ನೇ ಕಲಂ “ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ” ಎನ್ನುತ್ತದೆ. ಆದ್ದರಿಂದ “ನನ್ನ ವಾರ್ಡಿನಲ್ಲಿ ಬಿಡುವಿನ ಕೇಂದ್ರ ಏಕಿಲ್ಲ” ಎಂದು ಕೇಳಿದರೆ ಹಣವಿಲ್ಲ ಎಂಬ ಉತ್ತರದ ಹಿಂದೆ ಅಧಿಕಾರಿ ನಿಲ್ಲಬಲ್ಲರು. ಒಮ್ಮೆ ಯೋಜನೆ ಮಂಜೂರಾಗಿ ಹಣ ಬಿಡುಗಡೆಯಾದ ಮೇಲೆ ಆ ಆಸರೆ ಅವರಿಗೆ ಉಳಿಯುವುದಿಲ್ಲ. ನಮ್ಮ ಮೊದಲ ಪ್ರಶ್ನೆಗಳು ಈಗಾಗಲೇ ಬಿಡುಗಡೆಯಾದ ಹಣದ ಮೇಲೆಯೇ ಇರಲಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಹಣ ಯಾವ ದಾರಿಯಲ್ಲಿ ಬರುತ್ತದೆ

ರಾಜ್ಯದ ಆಯವ್ಯಯ ಪುಸ್ತಕದಲ್ಲಿ ಬಿಡುವಿನ ಆರೈಕೆ ಎಂಬ ಹೆಸರನ್ನೇ ಹುಡುಕುತ್ತ ಕುಳಿತರೆ ದಿನ ಕಳೆಯುತ್ತದೆ. ಹುಡುಕಬೇಕಾದದ್ದು ಲೆಕ್ಕ ಶೀರ್ಷಿಕೆಯನ್ನು, ಅಂದರೆ ಪ್ರತಿ ವೆಚ್ಚಕ್ಕೂ ಕೊಟ್ಟಿರುವ ಸಂಕೇತ ಸಂಖ್ಯೆಯನ್ನು. ಹಣಕಾಸು ಇಲಾಖೆ ಪ್ರತಿವರ್ಷ ಪ್ರಕಟಿಸುವ ವಿವರವಾದ ಅಂದಾಜುಗಳಲ್ಲಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ 11ನೇ ಬೇಡಿಕೆಯ ಅಡಿಯಲ್ಲಿ, 2235-02-101 ಎಂದು ಆರಂಭವಾಗುವ ಸಾಲುಗಳು ವಿಕಲಚೇತನರ ಕಲ್ಯಾಣಕ್ಕೆ ಸಂಬಂಧಿಸಿದವು. ಪ್ರತಿ ಸಾಲಿನ ಎದುರು ಎರಡು ವರ್ಷ ಹಿಂದಿನ ವಾಸ್ತವ ಲೆಕ್ಕ, ಆಯವ್ಯಯ ಅಂದಾಜು ಮತ್ತು ಪರಿಷ್ಕೃತ ಅಂದಾಜು ಇರುತ್ತವೆ. ಬೇರೆ ಬೇರೆ ವರ್ಷದ ಪುಸ್ತಕಗಳಿಂದ ಒಂದೇ ವರ್ಷದ ಅಂಕಿಗಳನ್ನು ಜೋಡಿಸಿ ನೋಡಿದಾಗ, ಅಂದಾಜಿಗಿಂತ ಪರಿಷ್ಕೃತ ಅಂದಾಜು ಕಡಿಮೆಯಾಗಿ, ವಾಸ್ತವ ಲೆಕ್ಕ ಅದಕ್ಕಿಂತಲೂ ಇಳಿದಿದ್ದರೆ, ಆ ಯೋಜನೆಯ ಹೆಸರನ್ನು ಬರೆದಿಟ್ಟುಕೊಳ್ಳಿ. ಮುಂದೆ ಕೇಳಬೇಕಾದ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಇನ್ನು ಹಣದ ಮೂಲಗಳು. ಕೇಂದ್ರದಿಂದ ಮುಖ್ಯವಾಗಿ ಎರಡು ಹರಿವುಗಳಿವೆ. ಒಂದು ದೀನದಯಾಳ್ ಹೆಸರಿನ ಪುನರ್ವಸತಿ ಯೋಜನೆ, ಇದರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ವಿಶೇಷ ಶಾಲೆ, ಅರ್ಧದಾರಿ ಮನೆ, ಸಮುದಾಯ ಆಧಾರಿತ ಪುನರ್ವಸತಿ ಮುಂತಾದವಕ್ಕೆ ಅನುದಾನ ದೊರೆಯುತ್ತದೆ. ಇನ್ನೊಂದು ನ್ಯಾಷನಲ್ ಟ್ರಸ್ಟ್‌ನ ಯೋಜನೆಗಳು: ಹಗಲು ಪಾಲನೆಗೆ ವಿಕಾಸ್, ಬಿಡುವು ಮತ್ತು ವಸತಿ ಆರೈಕೆಗೆ ಸಮರ್ಥ್, ವಯಸ್ಕರ ಗುಂಪು ಮನೆಗೆ ಘರೌಂದಾ, ಆರೈಕೆದಾರರ ತರಬೇತಿಗೆ ಸಹಯೋಗಿ, ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಗೆ ನಿರಾಮಯ. ರಾಜ್ಯದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಸಂಸ್ಥೆಗಳಿಗೆ ಅನುದಾನ ಕೊಡುತ್ತದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024-25ರ ಆಯವ್ಯಯದಲ್ಲಿ ಘೋಷಣೆಯಾಯಿತು. ಮಾನಸಿಕ ಆರೋಗ್ಯದ ಹಗಲು ಪಾಲನಾ ಕೇಂದ್ರಗಳಾದ ಮಾನಸಾಧಾರ ಬರುವುದು ಆರೋಗ್ಯ ಇಲಾಖೆಯಿಂದ. ಅದನ್ನು ಸಬಲೀಕರಣ ಇಲಾಖೆಯಲ್ಲಿ ಕೇಳಿದರೆ ಅರ್ಜಿ ಅಲೆಯುತ್ತದೆ.

ನಗರಾಡಳಿತದ ಪಾಲು ಬೇರೆ. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ. 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕು. ಬೆಂಗಳೂರಿನಲ್ಲಿ ಇದನ್ನು ಈಗ ಎಚ್ಚರದಿಂದ ನೋಡಬೇಕಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರಪಾಲಿಕೆಗಳು, ಅಂದರೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ, ಅಸ್ತಿತ್ವಕ್ಕೆ ಬಂದವು. ಹಳೆಯ ಕಡತ ಒಂದು ಕಡೆ, ಹೊಸ ಆಯವ್ಯಯ ಇನ್ನೊಂದು ಕಡೆ ಇರುವ ಇಂತಹ ಹೊತ್ತಿನಲ್ಲಿ ಸಣ್ಣ ಯೋಜನೆಗಳು ಯಾರ ಮೇಜಿನ ಮೇಲೂ ಇಲ್ಲದಂತಾಗುವ ಅಪಾಯವಿದೆ. ನಿಮ್ಮ ಮನೆ ಯಾವ ನಗರಪಾಲಿಕೆಗೆ ಸೇರಿದೆ ಎಂದು ಮೊದಲು ಖಚಿತಪಡಿಸಿಕೊಂಡು, ಅಲ್ಲಿನ ಕಲ್ಯಾಣ ವಿಭಾಗಕ್ಕೇ ಬರೆಯಿರಿ. ಈ ಹಣದ ವೆಚ್ಚ ಸಾಮಾನ್ಯವಾಗಿ ವಸ್ತುಗಳ ಕಡೆಗೆ, ಅಂದರೆ ತ್ರಿಚಕ್ರ ವಾಹನ ಮತ್ತು ಉಪಕರಣಗಳ ಕಡೆಗೆ ವಾಲುತ್ತದೆ. ವಸ್ತುವನ್ನು ಎಣಿಸುವುದು ಸುಲಭ, ಸೇವೆಯನ್ನು ಎಣಿಸುವುದು ಕಷ್ಟ. ಉಪಕರಣ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಹಾಸಿಗೆಯಿಂದ ಏಳಲಾಗದ ಮೂವತ್ತರ ಹರೆಯದ ಮಗನನ್ನು ಎತ್ತಿ ಸ್ನಾನ ಮಾಡಿಸುವ ಅರುವತ್ತು ದಾಟಿದ ತಾಯಿಗೆ ಬೇಕಾದ ನೆರವು ಆ ಪಟ್ಟಿಯಲ್ಲಿ ಇರುವುದೇ ಇಲ್ಲ ಎಂಬುದನ್ನು ಎತ್ತಿ ಹೇಳಲೇಬೇಕು.

ಕೇಳಬೇಕಾದದ್ದು ದಿನಗಳನ್ನು

ಬಿಡುವಿನ ಆರೈಕೆಯ ಹಣ ಕಳವಾಗದೆಯೂ ಕಾಣೆಯಾಗಬಲ್ಲದು. ಒಂದು ವಸತಿ ಕೇಂದ್ರಕ್ಕೆ ಬಿಡುವು ಮತ್ತು ವಸತಿ ಎರಡಕ್ಕೂ ಸೇರಿ ಅನುದಾನ ಬರುತ್ತದೆ ಎಂದುಕೊಳ್ಳಿ. ಹೆತ್ತವರನ್ನು ಕಳೆದುಕೊಂಡವರು, ಯಾರೂ ಕರೆದುಕೊಂಡು ಹೋಗದವರು ಅಲ್ಲಿ ಸೇರುತ್ತಾರೆ. ಅವರನ್ನು ಹೊರಗೆ ಕಳಿಸಲಾಗುವುದಿಲ್ಲ, ಕಳಿಸಲೂ ಬಾರದು. ಹೀಗೆ ಒಂದೊಂದೇ ಹಾಸಿಗೆ ಕಾಯಂ ಆಗಿ ತುಂಬುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ, ಯಲಹಂಕದ ಒಬ್ಬ ತಾಯಿ ತನ್ನ ಶಸ್ತ್ರಚಿಕಿತ್ಸೆಗಾಗಿ ಮಗಳನ್ನು ಹದಿನೈದು ದಿನ ಬಿಡಲು ಕೇಳಿದರೆ ಜಾಗವಿಲ್ಲ ಎಂಬ ಉತ್ತರ ಬರುತ್ತದೆ. ಕಾಗದದಲ್ಲಿ ಎಲ್ಲವೂ ಸರಿಯಾಗಿರುತ್ತದೆ: ಹಾಸಿಗೆಗಳು ತುಂಬಿವೆ, ಹಣ ಬಳಕೆ ಪ್ರಮಾಣಪತ್ರ ಸಲ್ಲಿಕೆಯಾಗಿದೆ, ಲೆಕ್ಕಪರಿಶೋಧಕರ ಸಹಿಯಿದೆ. ಬಿಡುವು ಮಾತ್ರ ಯಾರಿಗೂ ಸಿಕ್ಕಿಲ್ಲ.

ಇದನ್ನು ಬಯಲಿಗೆ ತರುವ ಪ್ರಶ್ನೆ ವಾಸದ ಅವಧಿಯದ್ದು. ಎಷ್ಟು ಜನರಿಗೆ ಬಿಡುವಿನ ಆರೈಕೆ ಕೊಟ್ಟಿರಿ ಎಂದು ಕೇಳಿದರೆ ಒಳಗಿದ್ದವರೆಲ್ಲರ ಸಂಖ್ಯೆಯನ್ನೇ ಬರೆದು ಕಳಿಸಬಹುದು. ಅದರ ಬದಲು, ಆ ವರ್ಷ ಸೇರಿದವರಲ್ಲಿ 7 ದಿನದೊಳಗೆ, 30 ದಿನದೊಳಗೆ, 90 ದಿನದೊಳಗೆ ಮನೆಗೆ ಮರಳಿದವರು ಎಷ್ಟು, ಒಂದು ವರ್ಷ ಮೀರಿ ಉಳಿದವರು ಎಷ್ಟು ಎಂದು ಕೇಳಿ. ದಾಖಲಾತಿ ಮತ್ತು ಬಿಡುಗಡೆಯ ದಿನಾಂಕಗಳು ವಹಿಯಲ್ಲಿರುವುದರಿಂದ ಇದಕ್ಕೆ ಉತ್ತರವಿಲ್ಲ ಎನ್ನುವುದು ಕಷ್ಟ. ನಂತರ ಲೆಕ್ಕ ಹಾಕಿ. ಉದಾಹರಣೆಗೆ, 20 ಹಾಸಿಗೆಗಳ ಕೇಂದ್ರವೆಂದರೆ ವರ್ಷಕ್ಕೆ 7,300 ಹಾಸಿಗೆ-ದಿನಗಳು. ಅದರಲ್ಲಿ ಐದು ಹಾಸಿಗೆ ಬಿಡುವಿಗೆ ಮೀಸಲಾಗಿದ್ದರೆ 1,825 ದಿನಗಳು. 30 ದಿನದೊಳಗೆ ಮರಳಿದವರೆಲ್ಲರ ವಾಸದ ದಿನಗಳನ್ನು ಕೂಡಿದಾಗ 200 ಬಂದರೆ, ಉಳಿದ 1,625 ದಿನಗಳು ಏನಾದವು ಎಂದು ಕೇಳಲು ನಿಮ್ಮ ಬಳಿ ಆಧಾರವಿದೆ.

ಸಮುದಾಯ ಜೀವನದ ಅನುದಾನಕ್ಕೂ ಇದೇ ಕ್ರಮ. ಎಷ್ಟು ಜನ ಸಂಸ್ಥೆಯಿಂದ ಕುಟುಂಬಕ್ಕೆ, ಗುಂಪು ಮನೆಗೆ ಅಥವಾ ಬಾಡಿಗೆ ಮನೆಗೆ ಹೋದರು; ಹೋದವರಲ್ಲಿ ಒಂದು ವರ್ಷದ ನಂತರವೂ ಅಲ್ಲೇ ಇರುವವರು ಎಷ್ಟು; ಅವರಿಗೆ ಮಾಡಿದ ಅನುಸರಣಾ ಭೇಟಿಗಳು ಎಷ್ಟು. ಜೊತೆಗೆ ಒಟ್ಟು ಅನುದಾನದಲ್ಲಿ ವಸತಿ ಸಂಸ್ಥೆಗಳಿಗೆ ಹೋದದ್ದೆಷ್ಟು, ಮನೆಯಲ್ಲಿ ಮತ್ತು ಸಮುದಾಯದಲ್ಲಿ ಕೊಡುವ ಸೇವೆಗೆ ಹೋದದ್ದೆಷ್ಟು ಎಂದು ಪ್ರತ್ಯೇಕಿಸಿ ಕೇಳಿ. 5ನೇ ಕಲಮನ್ನು ಸರ್ಕಾರ ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂಬುದನ್ನು ಈ ಒಂದು ಹೋಲಿಕೆ ಯಾವ ಭಾಷಣಕ್ಕಿಂತಲೂ ಚೆನ್ನಾಗಿ ತೋರಿಸುತ್ತದೆ.

ಹಣ ಬಿಡುಗಡೆಯಾದ ದಿನಾಂಕವನ್ನು ಕೇಳುವುದನ್ನು ಎಂದಿಗೂ ಮರೆಯಬೇಡಿ. ಏಪ್ರಿಲ್‌ನಲ್ಲಿ ಆರಂಭವಾದ ವರ್ಷದ ಕಂತು ಮಾರ್ಚ್‌ನಲ್ಲಿ ಕೈಸೇರಿದರೆ ಸಂಸ್ಥೆ ಆರೈಕೆದಾರರಿಗೆ ಸಂಬಳ ಕೊಡುವುದು ಹೇಗೆ? ಸಂಬಳ ಸಿಗದವರು ಬಿಟ್ಟುಹೋಗುತ್ತಾರೆ, ಜನ ಕಡಿಮೆಯಾದಾಗ ಮೊದಲು ನಿಲ್ಲುವುದು ಅಲ್ಪಾವಧಿಯ ದಾಖಲಾತಿ. ಇಲ್ಲಿ ತಪ್ಪು ಕೇಂದ್ರ ನಡೆಸುವವರದ್ದಲ್ಲ. ಬೆಂಗಳೂರಿನಲ್ಲಿ ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಸೊಸೈಟಿಯಂತಹ ಸ್ವಯಂಸೇವಾ ಸಂಸ್ಥೆಗಳು ದಶಕಗಳಿಂದ ಅರ್ಧದಾರಿ ಮನೆಗಳನ್ನು ನಡೆಸಿಕೊಂಡು ಬಂದಿವೆ. ಈ ಕ್ಷೇತ್ರದ ಬಹುಪಾಲು ಕೆಲಸ ನಿಂತಿರುವುದು ಇಂತಹವರ ಹೆಗಲ ಮೇಲೆ. ವಿಳಂಬದ ಹೊಣೆಯನ್ನು ಅವರ ಮೇಲೆ ಹೊರಿಸುವ ಮುನ್ನ ಬಿಡುಗಡೆಯ ಆದೇಶವನ್ನು ನೋಡುವುದು ನ್ಯಾಯ.

ಮಾಹಿತಿ ಹಕ್ಕಿನ ಅರ್ಜಿ

ಅರ್ಜಿ ಹಾಕುವ ಮುನ್ನ ಇಲಾಖೆಯ ಜಾಲತಾಣವನ್ನು ನೋಡಿ. ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಬಿ) ಕಲಂ ಪ್ರಕಾರ ಪ್ರತಿ ಘಟಕಕ್ಕೆ ಹಂಚಿದ ಆಯವ್ಯಯ, ವೆಚ್ಚದ ವರದಿ, ಸಹಾಯಧನ ಕಾರ್ಯಕ್ರಮಗಳ ಮೊತ್ತ ಇವನ್ನೆಲ್ಲ ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟವಾಗಿಲ್ಲದಿದ್ದರೆ ಅದನ್ನೇ ಅರ್ಜಿಯಲ್ಲಿ ಉಲ್ಲೇಖಿಸಿ.

ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಉದ್ದದ ಅರ್ಜಿಗಳು ಹಿಂದಿರುಗುವುದು ಇದೇ ಕಾರಣಕ್ಕೆ. ಪೀಠಿಕೆ, ಕಾನೂನಿನ ವ್ಯಾಖ್ಯಾನ, ನೋವಿನ ವಿವರಣೆ ಯಾವುದೂ ಬೇಡ; ಏಕೆ ಕೇಳುತ್ತಿದ್ದೀರಿ ಎಂದು ಹೇಳುವ ಅಗತ್ಯವೂ ಇಲ್ಲ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಲಗತ್ತಿಸಬಹುದು, ಅಥವಾ ರಾಜ್ಯದ ಮಾಹಿತಿ ಹಕ್ಕು ಆನ್‌ಲೈನ್ ತಾಣದಲ್ಲಿ ಅರ್ಜಿ ಹಾಕಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಸಂಘದ ಹೆಸರಿನಲ್ಲಿ ಹಾಕಿದರೆ ತಿರಸ್ಕರಿಸುವ ಅವಕಾಶ ಸಿಗುತ್ತದೆ, ಏಕೆಂದರೆ ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಆದ್ದರಿಂದ ಒಬ್ಬ ವ್ಯಕ್ತಿಯ ಹೆಸರಿನಲ್ಲೇ ಇರಲಿ. ಬೆಂಗಳೂರು ನಗರ ಜಿಲ್ಲೆಯ ಮಟ್ಟಿಗೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಬರೆಯಬಹುದು:

“ವಿಷಯ: ಬೆಂಗಳೂರು ನಗರ ಜಿಲ್ಲೆಯಲ್ಲಿ ವಿಕಲಚೇತನರ ವಸತಿ ಹಾಗೂ ಹಗಲು ಪಾಲನಾ ಕೇಂದ್ರಗಳಿಗೆ 2024-25ನೇ ಸಾಲಿನಲ್ಲಿ ನೀಡಿದ ಅನುದಾನ. (1) ಅನುದಾನ ಪಡೆದ ಪ್ರತಿ ಕೇಂದ್ರದ ಹೆಸರು, ಮಂಜೂರಾದ ಸಂಖ್ಯಾಬಲ, ಲೆಕ್ಕ ಶೀರ್ಷಿಕೆ, ಮಂಜೂರಾದ ಮೊತ್ತ, ಬಿಡುಗಡೆಯಾದ ಮೊತ್ತ ಮತ್ತು ಪ್ರತಿ ಕಂತಿನ ದಿನಾಂಕ. (2) ಪ್ರತಿ ಕೇಂದ್ರದಲ್ಲಿ ಆ ಸಾಲಿನಲ್ಲಿ ದಾಖಲಾದವರ ಸಂಖ್ಯೆ. ಅವರಲ್ಲಿ 7, 30 ಮತ್ತು 90 ದಿನಗಳೊಳಗೆ ಮನೆಗೆ ಮರಳಿದವರ ಸಂಖ್ಯೆ. (3) ಪ್ರತಿ ಕೇಂದ್ರದ ಹಣ ಬಳಕೆ ಪ್ರಮಾಣಪತ್ರ ಮತ್ತು ಲೆಕ್ಕಪರಿಶೋಧನಾ ವರದಿಯ ಪ್ರತಿ. (4) ಆ ಸಾಲಿನಲ್ಲಿ ನಡೆಸಿದ ತಪಾಸಣೆಗಳ ದಿನಾಂಕ ಮತ್ತು ವರದಿಗಳ ಪ್ರತಿ. ವ್ಯಕ್ತಿಗಳ ಹೆಸರು, ವಿಳಾಸ ಬೇಡ, ಸಂಖ್ಯೆಗಳು ಸಾಕು.”

ಕೊನೆಯ ವಾಕ್ಯವನ್ನು ಬಿಡಬೇಡಿ. ವೈಯಕ್ತಿಕ ಮಾಹಿತಿ ಎಂಬ ಕಾರಣ ನೀಡಿ ಇಡೀ ಅರ್ಜಿಯನ್ನು ನಿರಾಕರಿಸುವ ದಾರಿಯನ್ನು ಅದು ಮುಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ವಾಸಿಸುವವರ ಖಾಸಗಿತನ ನಮ್ಮ ಲೆಕ್ಕದ ಹಂಬಲಕ್ಕಿಂತ ದೊಡ್ಡದು.

ಇದೇ ಮಾದರಿಯಲ್ಲಿ ಇನ್ನೊಂದು ಅರ್ಜಿಯನ್ನು ವಿಶ್ವೇಶ್ವರಯ್ಯ ಕೇಂದ್ರದಲ್ಲಿರುವ ಇಲಾಖೆಯ ನಿರ್ದೇಶನಾಲಯಕ್ಕೆ, ಮತ್ತೊಂದನ್ನು ನಿಮ್ಮ ನಗರಪಾಲಿಕೆಗೆ ಹಾಕಿ. ನ್ಯಾಷನಲ್ ಟ್ರಸ್ಟ್ ಕೇಂದ್ರ ಸರ್ಕಾರದ ಸಂಸ್ಥೆಯಾದ್ದರಿಂದ ಅದಕ್ಕೆ ಕೇಂದ್ರ ಸರ್ಕಾರದ ಆನ್‌ಲೈನ್ ತಾಣದ ಮೂಲಕ ಅರ್ಜಿ. ಅಲ್ಲಿ ಮಿತಿ 500 ಪದಗಳು. ವಿಷಯ ಬೇರೆ ಕಚೇರಿಗೆ ಸೇರಿದ್ದಾದರೆ ಐದು ದಿನದೊಳಗೆ ಅರ್ಜಿಯನ್ನು ವರ್ಗಾಯಿಸುವುದು ಅಧಿಕಾರಿಯದೇ ಕರ್ತವ್ಯ. ಅದಕ್ಕಾಗಿ ನೀವು ಓಡಾಡಬೇಕಿಲ್ಲ.

ಉತ್ತರಕ್ಕೆ 30 ದಿನಗಳ ಗಡುವು. ಬಾರದಿದ್ದರೆ ಅಥವಾ ಅಪೂರ್ಣವಾಗಿದ್ದರೆ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದೂ ಫಲ ಕೊಡದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಆಯೋಗದ ಮುಂದೆ ಪ್ರಕರಣ ಬರಲು ಕಾಲ ಹಿಡಿಯುವುದರಿಂದ ಮೊದಲ ಮೇಲ್ಮನವಿಯನ್ನೇ ಗಟ್ಟಿಯಾಗಿ ಬರೆಯಿರಿ: ಯಾವ ಪ್ರಶ್ನೆಗೆ ಉತ್ತರವಿಲ್ಲ, ಯಾವುದಕ್ಕೆ ಅರ್ಧ ಉತ್ತರವಿದೆ ಎಂದು ಸಂಖ್ಯೆ ಹಾಕಿ ಹೇಳಿ. ದಾಖಲೆಗಳು ದಪ್ಪವಾಗಿದ್ದರೆ ಪ್ರತಿ ಕೇಳುವ ಬದಲು ಕಡತ ಪರಿಶೀಲನೆಗೆ ಅವಕಾಶ ಕೇಳುವುದು ಜಾಣತನ. ಕಾಯ್ದೆ ಆ ಹಕ್ಕನ್ನೂ ಕೊಟ್ಟಿದೆ, ಮತ್ತು ಮಂಜೂರಾತಿಯ ಟಿಪ್ಪಣಿ ಹಾಳೆಗಳಲ್ಲಿ ಸಿಗುವ ಸಂಗತಿ ಉತ್ತರ ಪತ್ರದಲ್ಲಿ ಸಿಗುವುದಿಲ್ಲ.

ಸಭೆಗಳ ನಡಾವಳಿಗಳು

ಹಣದ ಕಡತಕ್ಕಿಂತಲೂ ಹೆಚ್ಚು ಮಾತಾಡುವುದು ಕೆಲವೊಮ್ಮೆ ಸಭೆಯ ನಡಾವಳಿ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನರು ಇರುವ ಸ್ಥಳೀಯ ಮಟ್ಟದ ಸಮಿತಿ ಇದೆ. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಪೋಷಕತ್ವದ (ಕಾನೂನುಬದ್ಧ ಪಾಲಕರ ನೇಮಕದ) ಅರ್ಜಿಗಾಗಿ ಅನೇಕ ತಂದೆತಾಯಿಗಳು ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿರುವ ಜಿಲ್ಲಾಧಿಕಾರಿ ಕಚೇರಿಯನ್ನು ಬಲ್ಲರು, ಆದರೆ ಆ ಸಮಿತಿಯ ನಡಾವಳಿಯನ್ನು ಕೇಳಿದವರು ಕಡಿಮೆ. ವರ್ಷಕ್ಕೆ ಕನಿಷ್ಠ ನಾಲ್ಕು ನಡಾವಳಿಗಳು ಇರಲೇಬೇಕು. ಕಡಿಮೆಯಿದ್ದರೆ ಅದು ಒಂದು ಲೋಪ. ನಾಲ್ಕಿದ್ದೂ ಅವುಗಳಲ್ಲಿ ಬಿಡುವಿನ ಆರೈಕೆಯ ಪ್ರಸ್ತಾಪವೇ ಇಲ್ಲದಿದ್ದರೆ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ಲಿಖಿತವಾಗಿ ಕೋರಿ. 2016ರ ಕಾಯ್ದೆಯ 72ನೇ ಕಲಂ ಅಡಿಯ ಜಿಲ್ಲಾ ಮಟ್ಟದ ಸಮಿತಿ ಮತ್ತು 66ನೇ ಕಲಂ ಅಡಿಯ ರಾಜ್ಯ ಸಲಹಾ ಮಂಡಳಿಯ ನಡಾವಳಿಗಳನ್ನೂ ಹೀಗೆಯೇ ಪಡೆಯಬಹುದು. ಜಿಲ್ಲೆಯ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪ್ರಗತಿ ಪರಿಶೀಲನಾ ಸಭೆಗೆ ಇಲಾಖೆ ಸಲ್ಲಿಸುವ ಪ್ರಗತಿ ವರದಿ ಇನ್ನೊಂದು ಒಳ್ಳೆಯ ದಾಖಲೆ, ಏಕೆಂದರೆ ಅದರಲ್ಲಿ ಗುರಿ ಮತ್ತು ಸಾಧನೆ ಅಕ್ಕಪಕ್ಕದಲ್ಲಿರುತ್ತವೆ.

ಪೋಷಕರ ಸಂಘಗಳಿಗೆ ಇನ್ನೂ ಒಂದು ಅಸ್ತ್ರವಿದೆ. ಪೋಷಕರ ಸಂಘವೂ ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿಸಿಕೊಳ್ಳಬಹುದು. ನೋಂದಾಯಿತ ಸಂಸ್ಥೆಗೆ ಟ್ರಸ್ಟ್‌ನ ಮಂಡಳಿಯ ಪುಸ್ತಕ ಮತ್ತು ದಾಖಲೆಗಳನ್ನು ಪರಿಶೀಲಿಸುವ, ಪ್ರತಿ ಕೇಳುವ ಹಕ್ಕನ್ನು ಆ ಕಾಯ್ದೆಯೇ ಕೊಟ್ಟಿದೆ. ಮಾಹಿತಿ ಹಕ್ಕಿನ ಕಾಯ್ದೆ ಬರುವುದಕ್ಕೆ ಆರು ವರ್ಷ ಮೊದಲೇ ಬಂದ ಈ ಅವಕಾಶವನ್ನು ಹೀಗೆ ಮೂಲೆಯಲ್ಲಿ ಬಿಟ್ಟಿರುವುದು ನನಗೆ ಬೇಸರ ತರಿಸುತ್ತದೆ.

ಉತ್ತರ ಕೈಗೆ ಬಂದ ಮೇಲೆ ಎಲ್ಲಿಗೆ ಹೋಗಬೇಕು

ಎಲ್ಲ ಕಡೆಗೂ ಒಂದೇ ದೂರಿನ ಪ್ರತಿ ಕಳಿಸುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಪ್ರತಿ ಕಚೇರಿಯೂ ಇನ್ನೊಂದು ಕಚೇರಿ ನೋಡಿಕೊಳ್ಳುತ್ತದೆ ಎಂದು ಸುಮ್ಮನಾಗುತ್ತದೆ. ಆರೈಕೆದಾರರ ಭತ್ಯೆಯ ಅರ್ಜಿ ಕೊಟ್ಟು ತಿಂಗಳುಗಳಾಗಿದ್ದರೆ, ಆ ಸೇವೆ ಸಕಾಲದ (ನಿಗದಿತ ಅವಧಿಯೊಳಗೆ ಸೇವೆ ಕೊಡಬೇಕಾದ ರಾಜ್ಯದ ವ್ಯವಸ್ಥೆಯ) ಪಟ್ಟಿಯಲ್ಲಿದೆಯೇ ಎಂದು ನೋಡಿ, ನಿಮಗೆ ಕೊಟ್ಟ 15 ಅಂಕಿಗಳ ಸಂಖ್ಯೆಯ ಮೇಲೆ ಮೇಲ್ಮನವಿ ಹಾಕಿ. ಪಟ್ಟಿಯಲ್ಲಿಲ್ಲದಿದ್ದರೆ 1902 ಸಹಾಯವಾಣಿಯ ಮೂಲಕ ಕುಂದುಕೊರತೆ ದಾಖಲಿಸಿ ಅದರ ಸಂಖ್ಯೆಯನ್ನು ಇಟ್ಟುಕೊಳ್ಳಿ. ಇದು ಸಣ್ಣ ಕೆಲಸ.

ಸೇವೆಯ ನಿರಾಕರಣೆಗೆ ಸರಿಯಾದ ಜಾಗ ರಾಜ್ಯ ವಿಕಲಚೇತನರ ಆಯುಕ್ತರ ಕಚೇರಿ. 2016ರ ಕಾಯ್ದೆಯ 80ನೇ ಕಲಂ ಪ್ರಕಾರ ಆಯುಕ್ತರು ಹಕ್ಕುಗಳ ಉಲ್ಲಂಘನೆಯನ್ನು ದೂರಿನ ಮೇಲೆ ಅಥವಾ ಸ್ವಯಂಪ್ರೇರಿತರಾಗಿ ವಿಚಾರಿಸಬಹುದು, ಯೋಜನೆಗಳಿಗೆ ಸರ್ಕಾರ ಕೊಟ್ಟ ಹಣದ ಬಳಕೆಯ ಮೇಲೂ ನಿಗಾ ಇಡಬೇಕು. ದಾಖಲೆ ತರಿಸಿಕೊಳ್ಳುವಲ್ಲಿ, ಸಾಕ್ಷಿ ಕರೆಸುವಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಸಂಬಂಧಿಸಿದ ಪ್ರಾಧಿಕಾರ ಮೂರು ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು. ಒಪ್ಪದಿದ್ದರೆ ಕಾರಣವನ್ನು ಅದೇ ಅವಧಿಯೊಳಗೆ ಆಯುಕ್ತರಿಗೂ ದೂರುದಾರರಿಗೂ ಬರೆದು ಕೊಡಬೇಕು. ದೂರಿನಲ್ಲಿ “ನನಗೆ ಜಾಗ ಸಿಗಲಿಲ್ಲ” ಎಂದಷ್ಟೇ ಬರೆದರೆ ಅದು ಒಂದು ಮನೆಯ ಕಷ್ಟವಾಗಿ ಉಳಿಯುತ್ತದೆ. ಮಾಹಿತಿ ಹಕ್ಕಿನಲ್ಲಿ ಬಂದ ವಾಸದ ದಿನಗಳ ಕೋಷ್ಟಕವನ್ನು ಲಗತ್ತಿಸಿ, ಕೇಂದ್ರಕ್ಕೆ ಬಿಡುವಿನ ಆರೈಕೆಗೆಂದು ಅನುದಾನ ಬಂದಿದ್ದರೂ ಇಷ್ಟೇ ದಿನಗಳ ಸೇವೆ ದೊರೆತಿದೆ ಎಂದು ತೋರಿಸಿದರೆ ಅದು ಯೋಜನೆಯ ವೈಫಲ್ಯದ ದಾಖಲೆಯಾಗುತ್ತದೆ. ಪರಿಹಾರವನ್ನೂ ನೀವೇ ಬರೆಯಿರಿ: ಪ್ರತಿ ಕೇಂದ್ರದಲ್ಲಿ ಇಷ್ಟು ಹಾಸಿಗೆಗಳನ್ನು ಅಲ್ಪಾವಧಿಗೆ ಮೀಸಲಿಡಬೇಕು, ಖಾಲಿ ಇರುವ ದಿನಗಳನ್ನು ತಿಂಗಳಿಗೊಮ್ಮೆ ಪ್ರಕಟಿಸಬೇಕು, 48ನೇ ಕಲಂ ಪ್ರಕಾರ ಸಾಮಾಜಿಕ ಲೆಕ್ಕಪರಿಶೋಧನೆ ನಡೆಸಿ ಪೋಷಕರನ್ನು ಅದರಲ್ಲಿ ಸೇರಿಸಬೇಕು.

ಹಣ ದುರುಪಯೋಗವಾಗಿದೆ ಎಂದು ದಾಖಲೆಗಳೇ ಹೇಳುತ್ತಿದ್ದರೆ ಮಾತ್ರ ಲೋಕಾಯುಕ್ತಕ್ಕೆ ಹೋಗಿ. ಅಲ್ಲಿ ನಿಗದಿತ ನಮೂನೆ ಮತ್ತು ಪ್ರಮಾಣಪತ್ರದೊಂದಿಗೆ ದೂರು ಕೊಡಬೇಕು; ಆಡಳಿತದ ಕುಂದುಕೊರತೆಯಾದರೆ ವಿಷಯ ತಿಳಿದ ಆರು ತಿಂಗಳೊಳಗೆ, ಆರೋಪವಾದರೆ ಐದು ವರ್ಷದೊಳಗೆ. ಪ್ರಮಾಣ ಮಾಡಿ ಬರೆಯುವ ಮಾತಾದ್ದರಿಂದ ಊಹೆಗೆ ಅಲ್ಲಿ ಜಾಗವಿಲ್ಲ. ಕೇಂದ್ರ ಸರ್ಕಾರದ ಅನುದಾನಕ್ಕೆ ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಬಳಕೆ ಪ್ರಮಾಣಪತ್ರ ಬರಬೇಕು ಎಂಬುದು 2017ರ ಸಾಮಾನ್ಯ ಹಣಕಾಸು ನಿಯಮ; ಅದು ಬಾಕಿಯಿದ್ದೂ ಮುಂದಿನ ಕಂತು ಹೋಗಿದ್ದರೆ, ಅಥವಾ ಅದು ಬಂದಿದ್ದೂ ಕಂತು ನಿಂತಿದ್ದರೆ, ಮಹಾಲೇಖಪಾಲರ ಲೆಕ್ಕಪರಿಶೋಧನಾ ಕಚೇರಿಗೆ ಪತ್ರ ಬರೆಯುವುದು ಹೆಚ್ಚು ಉಪಯುಕ್ತ.

ಹಣವೇ ಇಲ್ಲ, ಯೋಜನೆಯೇ ಇಲ್ಲ ಎಂಬ ಸಂದರ್ಭದಲ್ಲಿ ಈ ಯಾವ ಬಾಗಿಲೂ ಪೂರ್ತಿ ತೆರೆಯುವುದಿಲ್ಲ. ಆಗ ಶಾಸಕರ ಬಳಿಗೆ ಹೋಗಬೇಕು. ಸದನದಲ್ಲಿ ಕೇಳುವ ಪ್ರಶ್ನೆಗೆ ಸಚಿವರು ಕೊಡುವ ಲಿಖಿತ ಉತ್ತರ ಸಾರ್ವಜನಿಕ ದಾಖಲೆ. ಪ್ರಶ್ನೆಯನ್ನು ನೀವೇ ಸ್ಪಷ್ಟವಾಗಿ ಬರೆದು ಕೊಟ್ಟರೆ ಕೇಳುವ ಶಾಸಕರು ಸಿಗುತ್ತಾರೆ. ರಾಜ್ಯ ಆಯುಕ್ತರ ವಾರ್ಷಿಕ ವರದಿ ಸದನದಲ್ಲಿ ಮಂಡನೆಯಾಗಬೇಕಾದದ್ದು. ಅದು ಮಂಡನೆಯಾಯಿತೇ, ಅದರ ಶಿಫಾರಸುಗಳ ಮೇಲೆ ಏನು ಕ್ರಮವಾಯಿತು ಎಂಬುದೇ ಒಂದು ಒಳ್ಳೆಯ ಪ್ರಶ್ನೆ.

ಒಂದು ಎಚ್ಚರಿಕೆ. ಯಾವ ಕೇಂದ್ರದ ಲೆಕ್ಕ ಕೇಳುತ್ತಿದ್ದೀರೋ ಆ ಕೇಂದ್ರದಲ್ಲೇ ಮಗುವನ್ನು ಬಿಟ್ಟಿರುವ ಪೋಷಕರನ್ನು ಅರ್ಜಿದಾರರನ್ನಾಗಿ ಮಾಡಬೇಡಿ. ಅವರ ಭಯ ಕಾಲ್ಪನಿಕವಲ್ಲ. ಬೇರೆ ಜಾಗವಿಲ್ಲದ ಕುಟುಂಬಕ್ಕೆ ಒಂದು ಗಡುಸು ಮಾತೂ ದೊಡ್ಡ ಪೆಟ್ಟು. ಆ ಕೇಂದ್ರದೊಂದಿಗೆ ಸಂಬಂಧವಿಲ್ಲದ ಇನ್ನೊಬ್ಬ ಪೋಷಕರು, ಒಬ್ಬ ನಿವೃತ್ತ ನೌಕರರು ಅಥವಾ ಕಾನೂನು ವಿದ್ಯಾರ್ಥಿ ಸಹಿ ಹಾಕಲಿ. ಸಾಧ್ಯವಿದ್ದ ಕಡೆಯಲ್ಲೆಲ್ಲ ವಿಕಲಚೇತನ ವ್ಯಕ್ತಿಯನ್ನೇ ಕೇಳಿ: ಅವರಿಗೆ ಎಲ್ಲಿರಲು ಇಷ್ಟ, ಕೇಂದ್ರದಲ್ಲಿ ಕಳೆದ ದಿನಗಳು ಹೇಗಿದ್ದವು. ಮಾತಿನಲ್ಲಿ ಹೇಳಲಾಗದವರೂ ಊಟ, ನಿದ್ದೆ ಮತ್ತು ಮುಖಭಾವದಲ್ಲಿ ಹೇಳುತ್ತಾರೆ. ಮನೆಯವರು ಅದನ್ನು ಬಲ್ಲರು. ಯಾವ ತಪಾಸಣಾ ವರದಿಯಲ್ಲೂ ಇಲ್ಲದ ಈ ಮಾಹಿತಿಯನ್ನು ಒಂದು ಪುಟದಲ್ಲಿ ಬರೆದು ದೂರಿಗೆ ಸೇರಿಸಿ.

ಇನ್ನು ಸಮಯದ ವಿಚಾರ. ರಾಜ್ಯದ ಆಯವ್ಯಯ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಮಂಡನೆಯಾಗುವುದರಿಂದ ಇಲಾಖೆಗಳ ಪ್ರಸ್ತಾವನೆ ಅದಕ್ಕೂ ಕೆಲವು ತಿಂಗಳು ಮೊದಲೇ ಸಿದ್ಧವಾಗುತ್ತದೆ. ಹಿಂದಿನ ವರ್ಷದ ಲೆಕ್ಕ ಕೇಳುವ ಅರ್ಜಿಯನ್ನು ಜುಲೈ ಹೊತ್ತಿಗೆ ಹಾಕಿದರೆ, ಮೇಲ್ಮನವಿಯ ಕಾಲವನ್ನೂ ಸೇರಿಸಿ, ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಅಂಕಿಅಂಶ ಕೈಯಲ್ಲಿರುತ್ತದೆ. ಬೇಡಿಕೆಯನ್ನು ನಿರ್ದೇಶನಾಲಯಕ್ಕೆ ಆಗಲೇ ಸಲ್ಲಿಸಬೇಕು. ಮರುವರ್ಷ ಅರ್ಜಿ ಹಾಕುವಾಗ ಪ್ರಶ್ನೆಗಳ ಪದಗಳನ್ನು ಬದಲಿಸಬೇಡಿ. ಅದೇ ಕಚೇರಿಗೆ, ಅದೇ ಕ್ರಮದಲ್ಲಿ, ಹಣಕಾಸು ವರ್ಷವನ್ನು ಮಾತ್ರ ಬದಲಿಸಿ ಕೇಳಿದರೆ ಎರಡು ವರ್ಷಗಳ ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು, ಮತ್ತು ವ್ಯಾಖ್ಯಾನ ಬದಲಾಗಿದೆ ಎಂದು ಹೇಳಲು ಕಚೇರಿಗೆ ಅವಕಾಶವಿರುವುದಿಲ್ಲ.